ಕೊಂಡಿ

"ಇದು ನನ್ನದಲ್ಲ, ಗೆಳೆಯನದು" ಅಂದ ಹುಡುಗ,
ಅಂಗಡಿಯೊಳಗೆ ಕಾಲಿಡುವ ಮೊದಲೇ.
ಹಳೇ ಕಂಬಳಿಯಲ್ಲಿ ಸುತ್ತಿ ತಂದಿದ್ದ,
ಜ್ವರ ಬಂದ ಕೂಸನ್ನು ತರುವ ಹಾಗೆ.
ಬಿಚ್ಚಿದಾಗ ಅದರ ಬಾಯಿ ನೇರ
ಖಲ್ಫಾನರ ಹೊಟ್ಟೆಗೆ.

ಮುದುಕ ಬಲಗೈಯ ಚಹಾ ಕೆಳಗಿಡಲಿಲ್ಲ.
ಎಡಗೈ ಕಿರುಬೆರಳಲ್ಲಿ ನಳಿಗೆಯನ್ನು
ಗೋಡೆಯ ಕಡೆ ಸರಿಸಿದರು,
ಉಣ್ಣುವಾಗ ಬೆಕ್ಕಿನ ಮೂತಿ ಸರಿಸಿದಂತೆ.
ಅಷ್ಟೇ. ಮೊದಲ ಪಾಠ ಮುಗಿಯಿತು.

ಬಹ್ಲಾದ ಈ ಅಂಗಡಿಯಲ್ಲಿ ನಾನು ಲೇಥಿನವ,
ಶಿರ್ವದ ಆಚಾರಿ. ವೀಸಾದಲ್ಲಿ ಪ್ಲಂಬರ್.
ಬಂದೂಕಿಗೆ ನಾನು ಕೈ ಹಾಕಕೂಡದು;
ಅದರೊಳಗಿಂದ ಉದುರುವ ಚೂರು ಕಬ್ಬಿಣಕ್ಕೆ ಮಾತ್ರ
ನನ್ನ ಯಜಮಾನಿಕೆ.

ಮುಹನ್ನದ್. ಹೆಸರು ಆಮೇಲೆ ಹೇಳಿದ.
ಗೆಳೆಯನದಲ್ಲ, ಅಜ್ಜನದು ಅಂತಲೂ ಆಮೇಲೆ.
ಅಜ್ಜ ಹೋಗಿ ಮೂರು ತಿಂಗಳು, ಕಾಗದಪತ್ರ
ಮೊನ್ನೆಯಷ್ಟೇ ಇವನ ಹೆಸರಿಗೆ.
ನಿನ್ನೆ ರಾತ್ರಿ ಖರ್ಜೂರದ ತೋಟಕ್ಕೆ ನರಿ ಬಂತಂತೆ,
ಕೋಳಿಗೂಡಿನ ಹತ್ತಿರಕ್ಕೆ.
"ನಾಲ್ಕು ಸಲ ಒತ್ತಿದೆ. ನಾಲ್ಕು ಸಲವೂ ಟಕ್.
ನರಿ ನಿಂತು ನನ್ನನ್ನೇ ನೋಡಿತು."
ಕೊನೆಯ ಮಾತು ಅವನಿಗೆ ಹೇಳುವ ಮನಸ್ಸಿರಲಿಲ್ಲ.

ಖಲ್ಫಾನ್ ಮಡಿಚಿ ತೆರೆದರು. ತೋಟೆಯಿಲ್ಲ.
ನಳಿಗೆಯನ್ನು ಬಾಗಿಲ ಬಿಸಿಲಿಗೆ ಹಿಡಿದು ಕಣ್ಣಿಟ್ಟರು.
ಆಚೆ ತುದಿಯಲ್ಲಿ ಹಗಲು ಕಾಣಬೇಕಿತ್ತು.
ಕಾಣಲಿಲ್ಲ.

ಕಡ್ಡಿ ತೂರಿಸಿ ತಟ್ಟಿದಾಗ ಬಂದದ್ದು ಮಣ್ಣು,
ಈ ಊರಿನ ಹೂಜಿಯ, ಕೋಟೆಗೋಡೆಯ ಮಣ್ಣೇ.
ಕಣಜದ ಗೂಡು. ನಾಲ್ಕು ಕೋಣೆ,
ಕೋಣೆಕೋಣೆಗೂ ಒಣಗಿದ ಜೇಡಗಳು, ಮರಿಗಳ ಬುತ್ತಿ.
ನಮ್ಮಲ್ಲಿ ಕಣಜವೆಂದರೆ ಭತ್ತ ತುಂಬುವುದೂ ಹೌದು ಎಂದು
ಅರಬಿಯಲ್ಲಿ ಹೇಳಹೋಗಿ ಸೋತೆ.

"ಹಾರಿದ್ದರೆ?" ಕೇಳಿದ ಹುಡುಗ.
ಖಲ್ಫಾನ್ ಈಗ ಲೋಟ ಕೆಳಗಿಟ್ಟು
ಬಲಗೈ ಬಿಡಿಸಿ ತೋರಿಸಿದರು.
ಆರು ವರ್ಷ ಅದೇ ಕೈಯಿಂದ ಸಂಬಳ ತೆಗೆದುಕೊಂಡಿದ್ದೇನೆ,
ಎರಡು ಬೆರಳು ಎಲ್ಲಿ ಹೋದವೆಂದು ಕೇಳಿರಲಿಲ್ಲ.

ಆಮೇಲೆ ನನ್ನ ಮೇಜಿಗೆ ಬಂತು ಪಿನ್ನು.
ತುದಿಯಲ್ಲಿ ಅಕ್ಕಿಕಾಳಿನಷ್ಟು ಮುರಿದು ಹೋಗಿದೆ,
ಇಂದು ನಿನ್ನೆಯದಲ್ಲ, ಮುರಿದ ಜಾಗ ತುಕ್ಕು ಹಿಡಿದಿದೆ.
ಅಜ್ಜ ಸರಿ ಮಾಡಿಸದೆ ಬಿಟ್ಟದ್ದು
ಮರೆವೋ, ಜಿಪುಣತನವೋ,
ಮೊಮ್ಮಗನನ್ನು ಚೆನ್ನಾಗಿ ಬಲ್ಲವನಾಗಿದ್ದನೋ.
ಇದಕ್ಕೆ ಕನ್ನಡದಲ್ಲಿ ಏನನ್ನುತ್ತಾರೋ ತಿಳಿಯದು.
ನಾನು ಕೊಂಡಿ ಅನ್ನುತ್ತೇನೆ, ಕಣಜಕ್ಕಿರುವಂಥದ್ದು.
ಕೊಂಡಿ ಮುರಿದಿತ್ತು; ಹುಡುಗನ ಮುಖ ಉಳಿಯಿತು.

ಲ್ಯಾಂಡ್ ಕ್ರೂಸರಿನ ಹಳೇ ವಾಲ್ವಿನ ಕಾಂಡ ಕಡಿದು
ಲೇಥಿಗೆ ಕಚ್ಚಿಸಿದೆ. ಕೂದಲೆಳೆ ಉದ್ದವಾಯಿತು, ಮತ್ತೆ ಅರೆದೆ.
ಕೆಂಪಗೆ ಕಾಯಿಸಿ ಎಣ್ಣೆಗೆ ಚೊಂಯ್.
ತಿಕ್ಕಿ ಬೆಳಗಿಸಿ ಮತ್ತೆ ಸಣ್ಣ ಉರಿಗೆ ಹಿಡಿದರೆ
ಬಣ್ಣ ನಡೆಯುತ್ತದೆ: ಒಣಹುಲ್ಲು, ಕಂದು, ನೇರಳೆ,
ಅದು ದಾಟಿ ಒಂದು ನೀಲಿ. ಅಲ್ಲಿಗೆ ನಿಲ್ಲಿಸಬೇಕು.
ಕತ್ತಿಗೆ ಹದ ಕೊಡುವಾಗ ಅಪ್ಪ ಆ ನೀಲಿಗೆ
ಪಾರಿವಾಳದ ಕೊರಳು ಅನ್ನುತ್ತಿದ್ದ.

ಹುಡುಗ ಪಕ್ಕದಲ್ಲೇ ನಿಂತಿದ್ದ, ಉಸಿರು ಬಿಗಿಹಿಡಿದು.
"ಉಸ್ತಾದ್, ನಿಮ್ಮ ಮನೆಯಲ್ಲಿ ಬಂದೂಕಿದೆಯೇ?"
ಉಸ್ತಾದ್ ಎಂದು ನನ್ನನ್ನು ಕರೆದವರಿಲ್ಲ ಈವರೆಗೆ.
"ಇಲ್ಲ. ಇಂಥ ಕೊಂಡಿ ಐವತ್ತು ಮಾಡಿರಬಹುದು.
ಒಂದರ ಸದ್ದೂ ಕೇಳಿಲ್ಲ."
"ನನ್ನ ಹೆಸರಿಗೆ ಹಿಂದೂಸ್ತಾನದ ಉಕ್ಕಿನ ಕತ್ತಿ ಅಂತ ಅರ್ಥ"
ಅಂದ, ಏನಾದರೂ ಹೇಳಬೇಕಲ್ಲ ಎಂದು.
ಮೂಲೆಯಲ್ಲಿ ಖಲ್ಫಾನ್ ನಕ್ಕರೋ ಕೆಮ್ಮಿದರೋ.

ಎರಡೂವರೆ ರಿಯಾಲ್. ಮೂರು ಕೊಟ್ಟು
ಚಿಲ್ಲರೆ ಬೇಡವೆಂದು ಹೋದವ
ಮರಳಿ ಬಂದು ಚಿಲ್ಲರೆ ಕೇಳಿದ.
ಮುರಿದ ಪಿನ್ನು ಬೇಡವಂತೆ. ಮಣ್ಣಿನ ಗೂಡು ಬೇಕಂತೆ,
ತಂಗಿಗೆ ತೋರಿಸಲು. ಕಂಬಳಿಯನ್ನು ಅದಕ್ಕೇ ಸುತ್ತಿದ.

ಬಂದೂಕನ್ನು ಈಗ ಆಕಾಶಕ್ಕೆ ನೆಟ್ಟಗೆ ಹಿಡಿದು,
ತುಳುಕದ ಹಾಗೆ ನೀರು ಒಯ್ಯುವವನಂತೆ
ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹೊರಟ. ಬಾಗಿಲಲ್ಲಿ
ನಳಿಗೆ ಟ್ಯೂಬ್‌ಲೈಟಿಗೆ ಬಡಿಯಿತು.

ಒಡೆಯಲಿಲ್ಲ. ತೂಗಿತು ಬಹಳ ಹೊತ್ತು.
ಲೇಥಿನ ಮೇಲೆ ನನ್ನ ನೆರಳು
ಅತ್ತ ಹೋಗಿ ಇತ್ತ ಬಂತು.